ಚಡ್ಡಿರಾಯರ ಚಳಿಗಾಲ

ಚಳಿ ಮನುಷ್ಯನ ಮೈಯೊಳಗೆ ಎಲ್ಲಿಂದ ಹೊಗುತ್ತದೆ ಎಂಬ ವಿಷಯದಲ್ಲಿ ನಮ್ಮ ಅತ್ತೆಯವರಿಗೆ ಯಾವತ್ತೂ ಅನುಮಾನವಿಲ್ಲ. ಕಿವಿಯಿಂದ. ಕಿವಿಗೆ ಹತ್ತಿ ಇಟ್ಟು, ಮೇಲೊಂದು ಮಫ್ಲರ್ ಸುತ್ತಿ, ಗದ್ದದ ಕೆಳಗೆ ಗಂಟು ಬಿಗಿದರೆ ಆಯಿತು. ಮಿಕ್ಕ ಮೈ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಈ ಸಿದ್ಧಾಂತವನ್ನೂ ಸೂಟ್‌ಕೇಸ್ ತುಂಬ ಬಾಣಂತನದ ಸಾಮಾನನ್ನೂ ಹೊತ್ತು ಅವರು ತೀರ್ಥಹಳ್ಳಿಯಿಂದ ಮಿನಿಯಾಪೊಲಿಸ್‌ಗೆ ಬಂದಿಳಿದದ್ದು ಜನವರಿಯಲ್ಲಿ. ಕೂಸು ಹುಟ್ಟುವ ತಿಂಗಳನ್ನು ಪಂಚಾಂಗ ನೋಡಿ ಗೊತ್ತುಮಾಡಲು ಬರುವುದಿಲ್ಲವಲ್ಲ.

ಮಿನ್ನೆಸೋಟ ರಾಜ್ಯದ ಈ ಊರಿನಲ್ಲಿ ಜನವರಿಯ ಸರಾಸರಿ ಉಷ್ಣಾಂಶವೇ ಮೈನಸ್ 9 ಡಿಗ್ರಿಯ ಆಸುಪಾಸು. ಹೊರಗೆ ಹಾಗಿದ್ದರೂ ಮನೆಯೊಳಗೆ ಹೀಟರ್ 21 ಡಿಗ್ರಿಗೆ ಕಮ್ಮಿ ಮಾಡುವುದಿಲ್ಲ. ಆ ಬೆಚ್ಚನೆ ಮನೆಯ ಮಹಡಿಯ ಮೇಲೆ ಬಾಣಂತಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಕಾಲುಚೀಲ ಹಾಕಿ, ಬೆವರುತ್ತಾ ಮಲಗಿರಬೇಕು. ಅದು ಅತ್ತೆಯವರ ಆಜ್ಞೆ, ಮೇಲ್ಮನವಿಗೆ ಅವಕಾಶವಿಲ್ಲ. ಅಂಥ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಹತ್ತಿರ ಅಂಟಿನುಂಡೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಕೂಗಿದರು: “ಇವರೇ, ಬನ್ನಿ ಇಲ್ಲಿ! ಪಕ್ಕದ ಮನೆಯವರಿಗೆ ಏನೋ ಆಗಿದೆ. ಚಡ್ಡೀಲಿ ನಿಂತಿದಾರೆ!”

ಏನೂ ಆಗಿರಲಿಲ್ಲ. ರಾತ್ರಿ ಬಿದ್ದ ಹಿಮವನ್ನು ಆತ ಸಲಿಕೆಯಲ್ಲಿ ಎತ್ತಿ ಬೇಲಿಯ ಬುಡಕ್ಕೆ ಹಾಕುತ್ತಿದ್ದ. ಮೇಲೆ ದಪ್ಪ ಹೂಡಿ, ಅದರ ಟೋಪಿ ತಲೆಯ ಮೇಲೆ, ಅದರೊಳಗೆ ಇನ್ನೊಂದು ಉಣ್ಣೆಯ ಟೋಪಿ. ಕೈಗೆ ಚರ್ಮದ ಗವಸು. ಕಾಲಿಗೆ ಮೀನಖಂಡದ ಅರ್ಧಕ್ಕೆ ಬರುವ ಬೂಟು, ಅದರ ಬಾಯಿಂದ ಇಣುಕುವ ಉಣ್ಣೆಯ ಕಾಲುಚೀಲ. ಬೂಟಿನ ಮೇಲಂಚಿಗೂ ಚಡ್ಡಿಯ ಕೆಳಅಂಚಿಗೂ ನಡುವೆ ಒಂದು ಗೇಣು ಬರಿಗಾಲು, ಮಂಡಿ ಸಮೇತ. ಆ ಮಂಡಿಗಳು ಕೆಂಪೇರಿದ್ದವು. ಸಲಿಕೆಯಿಂದ ಹಾರಿದ ಹಿಮದ ಪುಡಿ ಅವುಗಳ ಮೇಲೆ ಬಿದ್ದು, ಒಂದು ಕ್ಷಣ ಬೆಳ್ಳಗೆ ಕೂತು, ಕರಗಿ ಇಳಿಯುತ್ತಿತ್ತು. ಆತ ಅದನ್ನು ಗಮನಿಸಿದ ಸೂಚನೆಯೂ ಇರಲಿಲ್ಲ. ಅವತ್ತಿನಿಂದ ಅತ್ತೆಯವರ ಬಾಯಲ್ಲಿ ಆತನ ಹೆಸರು ಚಡ್ಡಿರಾಯರು. ರಾಯರು ಅಂದದ್ದು ಗೌರವಕ್ಕಲ್ಲ, ವಯಸ್ಸಿಗೆ. ಆತನಿಗೆ ಅರವತ್ತರ ಮೇಲೆ.

ಈ ಊರಿನಲ್ಲಿ ಚಡ್ಡಿರಾಯರು ಒಬ್ಬರೇ ಅಲ್ಲ ಎಂದು ಅವರಿಗೆ ತಿಳಿಸಿಕೊಡುವುದೇ ನನಗೆ ಒಂದು ಕೆಲಸವಾಯಿತು. ಅಂಗಡಿಗೆ ಹೋದರೆ ಹಾಲಿನ ಸಾಲಿನಲ್ಲಿ ಒಬ್ಬ, ಪೆಟ್ರೋಲ್ ಬಂಕಿನಲ್ಲಿ ಒಬ್ಬ. ಅಂಚೆಯವನಂತೂ ಸರ್ಕಾರಿ ಚಡ್ಡಿಯಲ್ಲೇ ಬರುತ್ತಾನೆ, ಸಮವಸ್ತ್ರದಲ್ಲೇ ಅದಕ್ಕೆ ಅನುಮತಿಯಿದೆ. ಶಾಲೆಯ ಬಸ್ಸಿಗೆ ಕಾಯುವ ಹೈಸ್ಕೂಲು ಹುಡುಗರಲ್ಲಿ ಮೂವರಿಗೊಬ್ಬ ಬ್ಯಾಸ್ಕೆಟ್‌ಬಾಲ್ ಚಡ್ಡಿಯಲ್ಲಿ, ಎರಡೂ ಕೈ ಹೂಡಿಯ ಜೇಬಿನಲ್ಲಿ. ಬಹುಪಾಲು ಗಂಡಸರೇ. ಚಡ್ಡಿರಾಯರ ಹೆಂಡತಿ ಹಿಮ್ಮಡಿ ಮುಟ್ಟುವ ಹಂಸತುಪ್ಪುಳಿನ ಕೋಟು ತೊಟ್ಟು ಕಾರಿಗೆ ಹತ್ತುವುದನ್ನು ನೋಡಿ ಅತ್ತೆಯವರಿಗೆ ಎಷ್ಟೋ ಸಮಾಧಾನವಾಯಿತು. “ಆ ಮನೇಲೂ ಒಬ್ಬರಿಗೆ ಬುದ್ಧಿ ಇದೆ,” ಎಂದರು.

ಮೊದಲ ಬೇಲಿಮಾತು ನಡೆದದ್ದು ಅದೇ ವಾರ. ಅತ್ತೆಯವರು ಕನ್ನಡದಲ್ಲಿ ಕೇಳುವುದು, ಆತ ಇಂಗ್ಲಿಷಿನಲ್ಲಿ ಹೇಳುವುದು, ನಡುವೆ ನಾನು ದುಭಾಷಿ. ಎರಡೂ ಕಡೆಯ ಮಾತಿನ ಮೊನೆ ಮುರಿದು ದಾಟಿಸುವುದಕ್ಕೆ ನನಗೆ ಸಂಬಳ ಕೊಡಬೇಕಿತ್ತು.

“ಕಾಲಿಗೆ ಚಳಿ ಆಗಲ್ವಾ ಅಂತ ಕೇಳಿ ಅವರನ್ನ.”

“ಕಾಲಿಗಾ? ಕಾಲಿಗೆ ಯಾವತ್ತೂ ಚಳಿ ಆಗಲ್ಲ. ಕೈಗೆ ಆಗುತ್ತೆ. ಕಿವಿಗೆ ಆಗುತ್ತೆ.”

“ನೋಡಿದ್ರಾ, ಕಿವಿ ಅಂದ್ರು!” ಎಂದು ಅತ್ತೆಯವರು ನನ್ನ ಕಡೆ ತಿರುಗಿದರು. ಒಂದು ಅಂಕ ಗೆದ್ದ ಉತ್ಸಾಹದಲ್ಲಿ ಮುಂದಿನ ಪ್ರಶ್ನೆ: ಪ್ಯಾಂಟು ಹಾಕಿಕೊಂಡರೆ ಗಂಟೇನು ಹೋಗುತ್ತದೆ? ಅದಕ್ಕೆ ಆತನ ಬಳಿ ಸಿದ್ಧ ಉತ್ತರವಿತ್ತು. ಜೀನ್ಸ್ ಹಾಕಿ ಹಿಮ ಎತ್ತಿದರೆ ಪಾದದ ಬಳಿಯ ಬಟ್ಟೆ ಒದ್ದೆಯಾಗುತ್ತದೆ, ಆಮೇಲೆ ಹೆಪ್ಪುಗಟ್ಟಿ ಸೆಟೆದು ನಿಲ್ಲುತ್ತದೆ, ಒಳಗೆ ಬಂದಮೇಲೆ ಕರಗಿ ಇಡೀ ಬೆಳಿಗ್ಗೆ ಕಾಲಿಗೆ ಅಂಟುತ್ತದೆ. ಬರಿಗಾಲಾದರೆ ಟವೆಲ್‌ನಲ್ಲಿ ಒರೆಸಿಕೊಂಡರೆ ಮುಗಿಯಿತು. ಒದ್ದೆ ಹತ್ತಿಬಟ್ಟೆ ಮೈಯ ಶಾಖ ಕದಿಯುತ್ತದೆ ಎನ್ನುವುದು ಇಲ್ಲಿ ಬೆಟ್ಟ ಹತ್ತುವವರಿಗೆಲ್ಲ ಗೊತ್ತಿರುವ ಪಾಠ. ಮಲೆನಾಡಿನ ಜಡಿಮಳೆಯಲ್ಲಿ ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿಕಟ್ಟಿ ಗದ್ದೆಗೆ ಇಳಿಯುವವರನ್ನು ಕಂಡ ಅತ್ತೆಯವರಿಗೆ ಈ ತರ್ಕ ಬೇಗ ಅರ್ಥವಾಯಿತು. ಆದರೂ ಬಿಟ್ಟುಕೊಡಲಿಲ್ಲ. “ಅದು ಮಳೆ. ಇದು ಐಸು,” ಎಂದರು.

ನನ್ನ ಮಟ್ಟಿಗೆ ಹೇಳುವುದಾದರೆ, ಚಡ್ಡಿಯ ಗುಟ್ಟು ಕಾಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ಊರಿನಲ್ಲಿದೆ. ಚಡ್ಡಿ ಹಾಕಿದವನು ದಿನವೊಂದಕ್ಕೆ ಎಷ್ಟು ಹೊತ್ತು ನಿಜವಾದ ಚಳಿಯಲ್ಲಿರುತ್ತಾನೆ, ಲೆಕ್ಕ ಹಾಕಿ. ಮನೆಗೆ ಹೀಟರ್. ಮನೆಗೇ ಅಂಟಿಕೊಂಡ ಗರಾಜು. ಅಲ್ಲಿ ನಿಂತ ಕಾರಿನ ಇಂಜಿನ್ನು ಆತ ಕಾಫಿ ಕುಡಿಯುತ್ತಲೇ ರಿಮೋಟ್ ಒತ್ತಿ ಚಾಲೂ ಮಾಡಿರುತ್ತಾನೆ, ಗರಾಜಿನ ಬಾಗಿಲು ತೆಗೆದಿಟ್ಟು. ಸೀಟಿನಡಿಯೂ ಬಿಸಿ. ಹೋಗಿ ಇಳಿಯುವ ಆಫೀಸಿಗೂ ಹೀಟರ್. ನಡುವೆ ಉಳಿಯುವುದು ಪಾರ್ಕಿಂಗ್ ಜಾಗದಿಂದ ಬಾಗಿಲವರೆಗಿನ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗಾಗಿ ಒಳಚೊಣ್ಣ, ಅದರ ಮೇಲೆ ದಪ್ಪ ಪ್ಯಾಂಟು ಹಾಕಿ, ಮಿಕ್ಕ ಎಂಟು ಗಂಟೆ 21 ಡಿಗ್ರಿಯಲ್ಲಿ ಬೆವರುವುದು ಜಾಣತನವೋ, ನಾಲ್ಕು ಹೆಜ್ಜೆ ಹಲ್ಲುಕಚ್ಚಿ ನಡೆಯುವುದು ಜಾಣತನವೋ?

ಮಿನಿಯಾಪೊಲಿಸ್ ಈ ಲೆಕ್ಕವನ್ನು ಇಟ್ಟಿಗೆ ಗಾಜಿನಲ್ಲೇ ಕಟ್ಟಿಟ್ಟಿದೆ. ಪೇಟೆಯ ಕಟ್ಟಡಗಳ ಎರಡನೇ ಮಹಡಿಯಿಂದ ಎದುರು ಕಟ್ಟಡದ ಎರಡನೇ ಮಹಡಿಗೆ, ರಸ್ತೆಯ ಮೇಲೆ ಹಾದುಹೋಗುವ ಗಾಜಿನ ಮುಚ್ಚು ಸೇತುವೆಗಳಿವೆ. ಸ್ಕೈವೇ ಎನ್ನುತ್ತಾರೆ. ಮೊದಲನೆಯದು ಕಟ್ಟಿದ್ದು 1962ರಲ್ಲಿ. ಈಗ ಸುಮಾರು 80 ಬ್ಲಾಕುಗಳನ್ನು ಪೋಣಿಸಿಕೊಂಡು ಸುಮಾರು 15 ಕಿಲೋಮೀಟರ್ ಉದ್ದ ಬೆಳೆದಿದೆ. ಬ್ಯಾಂಕು, ಹೋಟೆಲು, ಕ್ಷೌರದಂಗಡಿ, ದಂತವೈದ್ಯರು, ಎಲ್ಲರನ್ನೂ ಅಂಗಿಯ ಮೇಲೊಂದು ಕೋಟು ಹಾಕದೆ ಸುತ್ತಿ ಬರಬಹುದು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಬೆ ಕಾರುತ್ತಿರುತ್ತವೆ, ಮೇಲೆ ಚಡ್ಡಿಯವನು ಐಸ್‌ಕ್ರೀಮ್ ನೆಕ್ಕುತ್ತಾ ಹೋಗುತ್ತಿರುತ್ತಾನೆ.

ಪೂರ್ತಿ ಮುಚ್ಚಿದ, ಒಳಗಿನ ಹವೆಯನ್ನು ಹಿಡಿತದಲ್ಲಿಟ್ಟ ಅಮೆರಿಕದ ಮೊದಲ ಶಾಪಿಂಗ್ ಮಾಲ್ ಹುಟ್ಟಿದ್ದೂ ಇಲ್ಲೇ. ಪಕ್ಕದ ಈಡೈನಾದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಅದು. ನಕ್ಷೆ ಹಾಕಿದವರು ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಚಳಿಗೆ ಹೆದರಿ ಜನ ಅಂಗಡಿಗೆ ಬರದಿದ್ದರೆ ಅಂಗಡಿಬೀದಿಗೇ ಚಾವಣಿ ಹಾಕೋಣ ಎನ್ನುವುದು ಅದರ ಹಿಂದಿನ ಯೋಚನೆ. 1992ರಲ್ಲಿ ಬ್ಲೂಮಿಂಗ್‌ಟನ್‌ನಲ್ಲಿ ಬಂದ ಮಾಲ್ ಆಫ್ ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನ ಓಡಾಡುವ ಅದರ ಒಳಾಂಗಣಕ್ಕೆ ಕೇಂದ್ರೀಯ ಹೀಟರೇ ಇಲ್ಲ. ಗಾಜಿನ ಸೂರಿನಿಂದ ಇಳಿಯುವ ಬಿಸಿಲು, ದೀಪಗಳ ಶಾಖ, ಬಂದವರ ಮೈಶಾಖ, ಇಷ್ಟರಲ್ಲೇ ಒಳಗೆ 21 ಡಿಗ್ರಿ ಉಳಿಯುತ್ತದೆ. ಇದನ್ನು ಅಲ್ಲಿಯೇ, ಬೆಂಚಿನ ಮೇಲೆ ಕೂತು ಶಾಲು ಬಿಚ್ಚುತ್ತಿದ್ದ ಅತ್ತೆಯವರಿಗೆ ಹೇಳಿದೆ. ಸುತ್ತ ಒಮ್ಮೆ ನೋಡಿ, “ಹಾಗಾದ್ರೆ ನಮ್ಮ ಶಾಖದಲ್ಲಿ ಇವರು ಚಡ್ಡಿ ಹಾಕ್ಕೊಂಡು ಓಡಾಡ್ತಿದಾರೆ,” ಎಂದರು.

ಅಂದರೆ ಕಾಲಿಗೆ ಏನೂ ಪಾತ್ರವಿಲ್ಲವೇ ಎಂದರೆ, ಇದೆ. ಮೈಯ ಎಲ್ಲ ಕಡೆಗೂ ಚಳಿ ಒಂದೇ ಸಮ ತಿಳಿಯುವುದಿಲ್ಲ. ತುಟಿ, ಕೆನ್ನೆಗೆ ಸಣ್ಣ ತಂಪೂ ಥಟ್ಟನೆ ಗೊತ್ತಾಗುತ್ತದೆ. ಕಾಲು ಈ ವಿಷಯದಲ್ಲಿ ಬಲು ಮಂದ. ಚಳಿ ತಿಳಿಯುವುದೆಂದರೆ ಚರ್ಮದ ನರತುದಿಯಲ್ಲಿರುವ ಒಂದು ಪ್ರೋಟೀನು ಬಾಗಿಲು ತೆರೆಯುವುದು. ಅದೇ ಬಾಗಿಲನ್ನು ಪುದೀನದ ಮೆಂಥಾಲ್ ಕೂಡ ತೆರೆಯಬಲ್ಲದು. ಪೆಪ್ಪರ್‌ಮಿಂಟ್ ಚಪ್ಪರಿಸಿದಾಗ ಬಾಯಿ ತಣ್ಣಗಾಯಿತು ಅನಿಸುವುದು ಅದಕ್ಕೇ, ಬಾಯಿಯ ಶಾಖ ಅಷ್ಟೇ ಇದ್ದರೂ. ಆ ಪ್ರೋಟೀನನ್ನು 2002ರಲ್ಲಿ ಬೇರೆಬೇರೆಯಾಗಿ ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಶಾಖ ಮತ್ತು ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆಂದು ತೋರಿಸಿಕೊಟ್ಟದ್ದಕ್ಕಾಗಿ, 2021ರಲ್ಲಿ ನೊಬೆಲ್ ಬಂತು. ಚಳಿ ಇರುವುದೇ ಬೇರೆ, ಚಳಿ ಅನಿಸುವುದೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅನಿಸುವುದು ಹಾಗಿರಲಿ, ಮೈ ಒಳಗೊಳಗೇ ತನ್ನ ಏರ್ಪಾಡು ಮಾಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ನಮ್ಮೂರಿನ ನೀರುಗಂಟಿ ಕೊನೆಯ ಗದ್ದೆಗಳ ತೂಬು ಮುಚ್ಚಿ ಇದ್ದ ನೀರನ್ನು ಹತ್ತಿರದ ಪೈರಿಗೆ ಬಿಡುತ್ತಾನಲ್ಲ, ಅದೇ ಕೆಲಸ. ಚಳಿ ತಗುಲಿದ ಕೂಡಲೇ ಕೈಕಾಲಿನ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ಬಿಸಿರಕ್ತ ಎದೆ ಹೊಟ್ಟೆಯ ಕಡೆಗೆ ಉಳಿಯುತ್ತದೆ. ಗುಂಡಿಗೆ, ಪಿತ್ತಜನಕಾಂಗ, ಮೆದುಳು 37 ಡಿಗ್ರಿಯಲ್ಲಿದ್ದರೆ ಮಂಡಿ ಎಷ್ಟು ತಣ್ಣಗಿದ್ದರೂ ಸಂಸಾರ ನಡೆಯುತ್ತದೆ. ಮೇಲೆ ದಪ್ಪ ಹೂಡಿ, ಕೆಳಗೆ ಚಡ್ಡಿ ಎನ್ನುವ ವೇಷ ಆ ಏರ್ಪಾಡಿಗೆ ಸರಿಯಾಗಿಯೇ ಹೊಂದುತ್ತದೆ. ಸಾಲದ್ದಕ್ಕೆ ಸಲಿಕೆ ಹಿಡಿದು ಹಿಮ ಎತ್ತುವವನ ತೊಡೆ, ಮೀನಖಂಡಗಳು ದುಡಿದು ತಾವೇ ಶಾಖ ಹುಟ್ಟಿಸುತ್ತವೆ. ದೇಹ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಶಾಖ ಸೋರುವ ಚರ್ಮ ಕಮ್ಮಿ. ಚಡ್ಡಿರಾಯರದು ಆರಡಿ ದಾಟಿದ, ಬಾಗಿಲು ತುಂಬುವ ಮೈಕಟ್ಟು.

ಹುಟ್ಟಿನಿಂದಲೇ ಕೆಲವರಿಗೆ ಚಳಿ ತಡೆಯುವ ಗುಣ ಹೆಚ್ಚಿರುತ್ತದೆ ಎನ್ನುವುದಕ್ಕೂ ಪುರಾವೆ ಇದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರೂ ಅವರ ಜೊತೆಗಾರರೂ 42 ಗಂಡಸರನ್ನು 14 ಡಿಗ್ರಿಯ ನೀರಿನಲ್ಲಿ ಕೂರಿಸಿದರು, ಮೈಶಾಖ 35.5ಕ್ಕೆ ಇಳಿದವರನ್ನು ಎಬ್ಬಿಸಿದರು. ಆಲ್ಫಾ-ಆಕ್ಟಿನಿನ್-3 ಎಂಬ ಸ್ನಾಯುವಿನ ಪ್ರೋಟೀನು ಯಾರಲ್ಲಿ ಹುಟ್ಟಿನಿಂದ ಇಲ್ಲವೋ ಅವರು ಶಾಖವನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಂಡರು. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಐವರಲ್ಲೊಬ್ಬರಿಗೆ ಆ ಪ್ರೋಟೀನು ಇಲ್ಲ. ಅತ್ತೆಯವರಿಗೆ ಇದನ್ನು ವಿವರಿಸಿದಾಗ ಅವರು ಒಂದು ನಿಮಿಷ ಯೋಚಿಸಿ, “ಅವರಿಗೆ ಏನೋ ಒಂದು ಇಲ್ಲ ಅಂತ ನಾನು ಮೊದಲ ದಿನವೇ ಹೇಳಿದ್ನಲ್ಲ,” ಎಂದರು.

ಆದರೆ ಹುಟ್ಟುಗುಣಕ್ಕಿಂತ ಅಭ್ಯಾಸ ದೊಡ್ಡದು. ದಕ್ಷಿಣ ಕೊರಿಯಾದ ಕಡಲಲ್ಲಿ ಚಿಪ್ಪು, ಪಾಚಿ ಹೆಕ್ಕಲು ಮುಳುಗುವ ಹೆನ್ಯೊ ಹೆಂಗಸರನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದರು. ಚಳಿಗಾಲದ 10 ಡಿಗ್ರಿಯ ನೀರಿಗೂ ಅವರು ಬರೀ ಹತ್ತಿಬಟ್ಟೆಯಲ್ಲಿ ಇಳಿಯುತ್ತಿದ್ದರು. ಬೇರೆಯವರಿಗೆ ನಡುಕ ಹುಟ್ಟಿಸುವ ತಣ್ಣೀರಿನಲ್ಲಿ ಅವರಿಗೆ ನಡುಕ ಬರುತ್ತಿರಲಿಲ್ಲ. 1970ರ ದಶಕದಲ್ಲಿ ರಬ್ಬರಿನ ವೆಟ್‌ಸೂಟ್ ಬಂತು. ಕೆಲವೇ ವರ್ಷಗಳಲ್ಲಿ ಆ ತಡೆಯುವ ಶಕ್ತಿ ಅವರ ಮೈಯಿಂದ ಮಾಯವಾಯಿತು. ಪ್ಯಾಂಟು ಹಾಕಿದರೆ ಚಳಿ ಜಾಸ್ತಿಯಾಗುತ್ತದೆ ಎಂದು ಚಡ್ಡಿರಾಯರು ಒಮ್ಮೆ ಅಂದಾಗ ಉಡಾಫೆ ಅನಿಸಿತ್ತು, ಪೂರ್ತಿ ಉಡಾಫೆಯಲ್ಲ. ಇಲ್ಲಿ ಅಕ್ಟೋಬರಿನಲ್ಲಿ 5 ಡಿಗ್ರಿ ಬಂದರೆ ಊರಿಗೆ ಊರೇ ಜಾಕೆಟ್ ಹುಡುಕುತ್ತದೆ. ನಾಲ್ಕು ತಿಂಗಳ ಹಿಮ ಕಳೆದು ಮಾರ್ಚಿನಲ್ಲಿ ಅದೇ 5 ಡಿಗ್ರಿ ಬಂದಾಗ ಊರಿಗೆ ಊರೇ ಚಡ್ಡಿಗೆ ಇಳಿಯುತ್ತದೆ, ಕಾರಿನ ಕಿಟಕಿ ಇಳಿಸಿ ಹಾಡು ಹಾಕಿಕೊಂಡು ಹೋಗುತ್ತದೆ. ಥರ್ಮಾಮೀಟರಿನ ಅಂಕಿ ಅದೇ, ಅದನ್ನು ಓದುವ ಚರ್ಮ ಬೇರೆ.

ಎರಡನೇ ಬೇಲಿಮಾತಿನಲ್ಲಿ ವಿಚಿತ್ರವೊಂದು ನಡೆಯಿತು. ಕಾಲು ಬಿಟ್ಟು ತಲೆ ಮಾತ್ರ ಎರಡೆರಡು ಟೋಪಿಯಲ್ಲಿ ಮುಚ್ಚಿದ್ದು ಯಾಕೆ ಎಂದು ಅತ್ತೆಯವರು ಕೇಳಿದರು. “ಶಾಖವೆಲ್ಲ ಹೋಗೋದು ತಲೆಯಿಂದ. ತಲೆ ಮುಚ್ಚಿದರೆ ಸಾಕು, ಮಿಕ್ಕದ್ದು ಹೇಗಿದ್ದರೂ ನಡೆಯುತ್ತೆ,” ಎಂದ ಆತ. ಅತ್ತೆಯವರು ಬೆರಗಾದರು. ಅವರ ಲೆಕ್ಕದಲ್ಲಿ ಚಳಿ ಒಳಗೆ ಬರುವ ಬಾಗಿಲು ಯಾವುದೋ, ಈತನ ಲೆಕ್ಕದಲ್ಲಿ ಶಾಖ ಹೊರಗೆ ಹೋಗುವ ಬಾಗಿಲೂ ಅದೇ! ದಾರಿ ತದ್ವಿರುದ್ಧ, ಟೋಪಿ ಒಂದೇ. ಅಮೆರಿಕದ ಸೈನ್ಯದ ಹಳೆಯ ಕೈಪಿಡಿಯೊಂದು ಮೈಶಾಖದ ಹತ್ತಿರಹತ್ತಿರ ಅರ್ಧ ತಲೆಯಿಂದ ಹೋಗುತ್ತದೆ ಎಂದು ಬರೆದು ಈ ನಂಬಿಕೆಗೆ ರೆಕ್ಕೆ ಕಟ್ಟಿತ್ತು. ಅದು ಸುಳ್ಳು, ತಲೆಯಿಂದ ಹೋಗುವುದು ತಲೆಯ ಪಾಲಿನಷ್ಟೇ, ಹೆಚ್ಚುಕಮ್ಮಿ ಹತ್ತರಲ್ಲೊಂದು ಎಂದು 2008ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇಬ್ಬರು ವೈದ್ಯರು ಬರೆದರು. ಇದನ್ನು ನಾನು ಇಬ್ಬರಿಗೂ ಹೇಳಿದೆ. ಇಬ್ಬರೂ ಒಂದೇ ಥರ ತಲೆಯಾಡಿಸಿ, ನನ್ನನ್ನು ಬಿಟ್ಟು ಮಾತು ಮುಂದುವರಿಸಿದರು.

ಆಗಲೇ ಅತ್ತೆಯವರಿಗೆ ತಮ್ಮ ಅಣ್ಣನ ನೆನಪಾಗಿ ಫೋನು ತೆಗೆದರು. ತೀರ್ಥಹಳ್ಳಿಯ ಹತ್ತಿರದ ತೋಟದ ಮನೆಯಿಂದ ವಾಟ್ಸಾಪಿನಲ್ಲಿ ಬಂದ ಫೋಟೋ. ಬೆಳಗಿನ ಮಂಜು, ಹಿಂದೆ ಅಡಿಕೆ ಮರ. ಅಣ್ಣನವರ ತಲೆಗೆ ಕಂದು ಬಣ್ಣದ ಮಂಕಿ ಕ್ಯಾಪ್, ಕಣ್ಣು ಮೂಗು ಬಿಟ್ಟರೆ ಮುಖವೇ ಇಲ್ಲ. ಮೈಗೆ ಅಂಗಿ, ಅದರ ಮೇಲೆ ಸ್ವೆಟರ್, ಅದರ ಮೇಲೆ ಹೊದ್ದ ಶಾಲು. ಸೊಂಟದಿಂದ ಕೆಳಗೆ, ಮಂಡಿಯ ಮೇಲಕ್ಕೆ ಎತ್ತಿಕಟ್ಟಿದ ಪಂಚೆ. ಕಾಲಲ್ಲಿ ಹವಾಯಿ ಚಪ್ಪಲಿ. ಚಡ್ಡಿರಾಯರು ಗವಸು ಕಳಚಿ, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಅಣ್ಣನವರ ಮಂಡಿಯ ಮೇಲೆ ನಿಲ್ಲಿಸಿದರು. “ಇವರು ನಮ್ಮ ಪಾರ್ಟಿಯವರು!” ಎಂದರು.

ಅತ್ತೆಯವರ ಬಳಿ ಉತ್ತರವಿರಲಿಲ್ಲ. ನಿಜಕ್ಕೂ ಡಿಸೆಂಬರಿನಲ್ಲಿ ಬೆಂಗಳೂರಿನ ಹಾಲಿನ ಬೂತಿನ ಮುಂದೆ ನಿಂತರೆ ಈ ಪಾರ್ಟಿಯ ಕಾರ್ಯಕರ್ತರು ಸಾಲಾಗಿ ಸಿಗುತ್ತಾರೆ: ಮೇಲೆ ಹಿಮಾಲಯ, ಕೆಳಗೆ ಮಂಗಳೂರು. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಇಲ್ಲಿಗೆ ಅದು ಸೊಗಸಾದ ವಸಂತ. ಅಂಕಿ ಏನೇ ಇರಲಿ, ಚಳಿಗೆ ಮೈಯ ಯಾವ ಭಾಗವನ್ನು ಬಿಟ್ಟುಕೊಡಬಹುದು ಎಂಬಲ್ಲಿ ಎರಡೂ ಊರಿನವರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಮಂಡಿ.

ಉಳಿದದ್ದು ಜಂಬದ ಪಾಲು. ಅದು ಸಣ್ಣ ಪಾಲೇನಲ್ಲ. ಮಿನ್ನೆಸೋಟದವರಿಗೆ ಚಳಿ ಎಂದರೆ ಮನೆತನದ ಆಸ್ತಿ. ಇಲ್ಲಿನ ವೈಕಿಂಗ್ಸ್ ಫುಟ್‌ಬಾಲ್ ತಂಡದ ಹೆಸರಾಂತ ಕೋಚ್ ಬಡ್ ಗ್ರಾಂಟ್ ಬಯಲು ಮೈದಾನದ ಕೊರೆವ ಚಳಿಯಲ್ಲೂ ತನ್ನ ಆಟಗಾರರ ಬೆಂಚಿನ ಹತ್ತಿರ ಹೀಟರ್ ಇಡಲು ಬಿಡುತ್ತಿರಲಿಲ್ಲ. ಎದುರಾಳಿಗಳು ಹೀಟರಿನ ಮುಂದೆ ಕೈ ಕಾಯಿಸುತ್ತಿದ್ದರೆ ಈ ಕಡೆಯವರು ನೆಟ್ಟಗೆ ನಿಂತಿರುತ್ತಿದ್ದರು. ಆಟ ಶುರುವಾಗುವ ಮೊದಲೇ ಅರ್ಧ ಗೆದ್ದಂತೆ. 2016ರ ಜನವರಿಯಲ್ಲಿ, ಮೈನಸ್ 21 ಡಿಗ್ರಿಯಲ್ಲಿ ನಡೆದ ಪ್ಲೇಆಫ್ ಪಂದ್ಯಕ್ಕೆ ಮೊದಲು ನಾಣ್ಯ ಚಿಮ್ಮಲು ಅದೇ ಗ್ರಾಂಟ್, ಆಗ ಅವರಿಗೆ 88 ವರ್ಷ, ಅರ್ಧ ತೋಳಿನ ಅಂಗಿಯಲ್ಲಿ ಮೈದಾನಕ್ಕೆ ನಡೆದು ಬಂದರು. ಗ್ಯಾಲರಿ ಹುಚ್ಚೆದ್ದು ಕೂಗಿತು. ನಾಣ್ಯ ಚಿಮ್ಮಿದ ಮೇಲೆ ಅವರು ಪಂದ್ಯ ಮುಗಿಯುವವರೆಗೂ ಅಲ್ಲೇ ನಿಲ್ಲಲಿಲ್ಲ ಎನ್ನುವುದನ್ನು ಜನ ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

ಬಸ್ ಸ್ಟಾಪಿನ ಹುಡುಗರದೂ ಅದೇ ದಾರಿ. ಹದಿನೈದರ ಹುಡುಗನಿಗೆ ಚಳಿಗಿಂತ ಪಕ್ಕದವನ ನೋಟ ಹರಿತ. ಅಮ್ಮ ಬಾಗಿಲಲ್ಲಿ ಪ್ಯಾಂಟು ಹಿಡಿದು ನಿಂತಷ್ಟೂ ಚಡ್ಡಿಯ ಬೆಲೆ ಏರುತ್ತದೆ. ಇದರ ಹೆಣ್ಣು ಅವತಾರವನ್ನು ಫ್ಲೋರಿಡಾದ ಸಂಶೋಧಕರು ಅಭ್ಯಾಸ ಮಾಡಿ 2021ರಲ್ಲಿ ಬರೆದಿದ್ದಾರೆ. ತಂಪು ರಾತ್ರಿಗಳಲ್ಲಿ ನೈಟ್‌ಕ್ಲಬ್ಬುಗಳ ಹೊರಗೆ ನಿಂತ ಹೆಂಗಸರನ್ನು ಮಾತಾಡಿಸಿದಾಗ, ತಾವು ಹೇಗೆ ಕಾಣುತ್ತಿದ್ದೇವೆ ಎಂಬ ಯೋಚನೆ ಅಷ್ಟಾಗಿ ಇಲ್ಲದವರಲ್ಲಿ ಬಟ್ಟೆ ಕಮ್ಮಿಯಾದಷ್ಟೂ ಚಳಿ ಹೆಚ್ಚು. ಆ ಯೋಚನೆಯಲ್ಲೇ ಮುಳುಗಿದವರಲ್ಲಿ ಬಟ್ಟೆಗೂ ಚಳಿಗೂ ಸಂಬಂಧವೇ ತಪ್ಪಿಹೋಗಿತ್ತು. ಗಮನ ಹೊರಗೆ ಹೋದರೆ ಮೈಯ ದೂರು ಕೇಳಿಸುವುದಿಲ್ಲ. ಇಡೀ ದೇಶಗಳೂ ಈ ಜಂಬಕ್ಕೆ ಹೊರತಲ್ಲ: ಬರ್ಮುಡಾದವರು ಚಳಿಗಾಲದ ಒಲಿಂಪಿಕ್ಸಿನ ಉದ್ಘಾಟನೆಗೂ ಕೆಂಪು ಬರ್ಮುಡಾ ಚಡ್ಡಿಯಲ್ಲೇ ಹೆಜ್ಜೆ ಹಾಕಿದ್ದಾರೆ. ಸ್ಕೀ ಆಟಗಾರ ಟಕರ್ ಮರ್ಫಿ ಆ ದೇಶದ ಬಾವುಟ ಹಿಡಿದು ನಡೆದದ್ದೂ ಅದೇ ಉಡುಪಿನಲ್ಲಿ.

ಇಷ್ಟೆಲ್ಲ ಸಮರ್ಥನೆ ಕೇಳಿ ಯಾರಾದರೂ ಚಡ್ಡಿ ಏರಿಸಿ ಇಲ್ಲಿಗೆ ವಿಮಾನ ಹತ್ತುವ ಮೊದಲು ಇನ್ನೊಂದು ಮಾತು. ಚಳಿಗೆ ಗಾಳಿ ಸೇರಿದರೆ ಆಟವೇ ಬೇರೆ. ಚರ್ಮದ ಸುತ್ತ ನಾವೇ ಕಾಯಿಸಿಟ್ಟುಕೊಂಡ ಗಾಳಿಯ ತೆಳು ಪದರವನ್ನು ಬೀಸುಗಾಳಿ ಹೊತ್ತೊಯ್ಯುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಗಲುವುದು ಮೈನಸ್ 28ರ ಚಳಿ. ಬರಿ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು ಎಂದು ಹವಾಮಾನ ಇಲಾಖೆಯ ಪಟ್ಟಿ ಎಚ್ಚರಿಸುತ್ತದೆ. ಕಾಲು ಮಂದ ಎಂದೆನಲ್ಲ, ಅಪಾಯವೂ ಅಲ್ಲೇ: ಮರಗಟ್ಟಿದ ಚರ್ಮ ನೋವಿನ ಸುದ್ದಿ ಕಳಿಸುವುದನ್ನು ನಿಲ್ಲಿಸಿಬಿಡುತ್ತದೆ. ಕುಡಿದವನದು ಇನ್ನೂ ಕೇಡು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾಯಿತು ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರುತ್ತಿರುತ್ತದೆ. ಈ ರಾಜ್ಯದ ದಾಖಲೆ ಮೈನಸ್ 51, ಟವರ್ ಎಂಬ ಊರಿನ ಹತ್ತಿರ, 1996ರ ಫೆಬ್ರುವರಿ 2ರಂದು. 2019ರ ಜನವರಿ 30ರಂದು ಮಿನಿಯಾಪೊಲಿಸ್ ಮೈನಸ್ 33ಕ್ಕೆ ಇಳಿದಾಗ ಅಂಚೆ ಇಲಾಖೆ ಟಪಾಲು ಬಟವಾಡೆಯನ್ನೇ ನಿಲ್ಲಿಸಿತು. ಚಡ್ಡಿಯ ಅಂಚೆಯವನೂ ಅವತ್ತು ಮನೆಯಲ್ಲಿ.

“ದಾರೀಲಿ ಕಾರು ಕೆಟ್ಟು ನಿಂತರೆ?” ಅತ್ತೆಯವರು ಕೊನೆಗೂ ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು. ಚಡ್ಡಿರಾಯರು ಮಾತಾಡದೆ ಗರಾಜಿಗೆ ಕರೆದು ಕಾರಿನ ಡಿಕ್ಕಿ ಎತ್ತಿದರು. ಒಂದು ಮೂಲೆಯಲ್ಲಿ ಹಿಮದಲ್ಲಿ ತೊಡುವ ದಪ್ಪ ಪ್ಯಾಂಟು ಮಡಿಸಿಟ್ಟಿತ್ತು, ಅದರ ಪಕ್ಕ ಉಣ್ಣೆಯ ಕಂಬಳಿ. ಮಡಚುವ ಸಲಿಕೆ. ಚಕ್ರ ಜಾರಿದರೆ ಅಡಿಗೆ ಸುರಿಯಲು ಮರಳಿನ ಚೀಲ. ಟಾರ್ಚು. ತಗಡಿನ ಡಬ್ಬದಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ, ಚಾಕೊಲೇಟು. ಮೇಣದಬತ್ತಿ ಯಾಕೆ ಎಂದದ್ದಕ್ಕೆ, ಕಿಟಕಿ ಒಂದು ಬೆರಳಷ್ಟು ಇಳಿಸಿ ಹಚ್ಚಿಟ್ಟರೆ ಕಾರಿನೊಳಗೆ ಸ್ವಲ್ಪವಾದರೂ ಶಾಖ ಇರುತ್ತದೆ ಎಂದರು. ಒಂದೊಂದನ್ನೂ ಎತ್ತಿ ತೋರಿಸಿದರು, ಒಂದೊಂದನ್ನೂ ಎತ್ತಿದ ಜಾಗದಲ್ಲೇ ಇಟ್ಟರು.

ಅತ್ತೆಯವರ ಮುಖದಲ್ಲಿ ಆ ಹೊತ್ತು ಕಂಡದ್ದು, ಮಳೆಗಾಲಕ್ಕೆ ಮೊದಲು ಹಪ್ಪಳ ಸಂಡಿಗೆ ಸೌದೆ ಎಲ್ಲ ಜೋಡಿಸಿಟ್ಟ ಮನೆಯನ್ನು ನೋಡಿದಾಗ ಹೆಂಗಸರಿಗೆ ಬರುವ ಮೆಚ್ಚುಗೆ. ಈತ ಚಳಿಗೆ ಹೆದರದವನಲ್ಲ. ಎಲ್ಲಿ ಹೆದರಬೇಕೋ ಅಲ್ಲಿ ಚೆನ್ನಾಗಿ ಹೆದರಿ, ಸಾಮಾನು ಕೂಡಿಟ್ಟು, ಮಿಕ್ಕ ಕಡೆ ಕಾಲು ಬಿಟ್ಟುಕೊಂಡು ಓಡಾಡುವವನು. ಎಲ್ಲದಕ್ಕೂ ಹೆದರುವುದಕ್ಕೆ ಹೊಸಬರೇ ಆಗಬೇಕು. ಏನಕ್ಕೂ ಹೆದರದಿರುವುದಕ್ಕೆ ಕುಡಿದಿರಬೇಕು. ಚಳಿಯ ಜೊತೆ ಅರವತ್ತು ವರ್ಷ ಬಾಳಿದವನಿಗೆ ಹೆದರಿಕೆಯನ್ನು ಹಂಚಿ ಇಡಲು ಬರುತ್ತದೆ.

“ಇದರಲ್ಲಿ ಒಂದು ಕಮ್ಮಿ ಇದೆ,” ಎಂದು ಅತ್ತೆಯವರು ಮನೆಗೆ ಹೋಗಿ ಶುಂಠಿ, ಮೆಣಸು, ಜೀರಿಗೆ ಹುರಿದು ಕುಟ್ಟಿದ ಕಷಾಯದ ಪುಡಿಯನ್ನು ಡಬ್ಬದಲ್ಲಿ ತುಂಬಿ ತಂದುಕೊಟ್ಟರು. ಬಿಸಿನೀರಿಗೆ ಒಂದು ಚಮಚ, ಬೆಲ್ಲ ಸಿಕ್ಕಿದರೆ ಬೆಲ್ಲ. “ಕಾರು ಕೆಟ್ಟ ಜಾಗದಲ್ಲಿ ಬಿಸಿನೀರು ಎಲ್ಲಿಂದ ತರ್ತಾರೆ ಅಂತ ಮಾತ್ರ ಕೇಳಿ,” ಎಂದು ನನಗೆ ಹೇಳಿದರು. ನಾನು ದಾಟಿಸಿದೆ. ಚಡ್ಡಿರಾಯರು ಡ್ರೈವರ್ ಸೀಟಿನ ಹಿಂದೆ ಕೈ ಹಾಕಿ ಸ್ಟೀಲ್ ಫ್ಲಾಸ್ಕ್ ಎತ್ತಿ ತೋರಿಸಿದರು. ಅದರಲ್ಲಿ ಆಗಲೇ ಬಿಸಿನೀರಿತ್ತು.